ಹುಂಡಿ ಪಕ್ಕದ ಫ್ಯಾನು

ಎಲ್ಲದಕ್ಕೂ ಮೂಲ ಒಂದು ಫ್ಯಾನು. ಕುಮಟೆಯ ಮೂಡಕೇರಿ ಜಟಗ ದೇವರಿಗೆ ಮುಂಬೈಯ ಭಕ್ತರೊಬ್ಬರು ಹರಕೆಯೆಂದು ಒಪ್ಪಿಸಿದ, ಆಳೆತ್ತರದ, ಕಾಲಿನ ಮೇಲೆ ನಿಲ್ಲುವ ಫ್ಯಾನು. ದೇವರಿಗೆ ಸೆಖೆಯೋ ಅಲ್ಲವೋ ಗೊತ್ತಿಲ್ಲ, ಪೂಜೆ ಮಾಡುವ ದೇವಪ್ಪ ಗುನಗರಿಗಂತೂ ವಿಪರೀತ ಸೆಖೆ. ಹಾಗಾಗಿ ಅದು ಬೆಳಗಿನಿಂದ ಮಧ್ಯಾಹ್ನದವರೆಗೆ ದೇವರ ಎದುರು ಗರಗರ ತಿರುಗುತ್ತಿತ್ತು. ಅದರಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ, ಹೊನ್ನಾವರದ ನಿತೇಶನ ಕಣ್ಣಿಗೆ ಬೀಳುವ ತನಕ.

ನಿತೇಶ ಕಾಸರಕೋಡಿನ ಐಸ್ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಹಗಲು ಮೀನಿಗೆ ಐಸು, ಸಂಜೆ ಲೋಕಕ್ಕೆ ಜ್ಞಾನ. 'ಎಂತಕ್ಕೆ ಹೀಂಗೆ?' ಅಂತ ಅವನದೊಂದು ವಿಜ್ಞಾನದ ಬ್ಲಾಗಿದೆ. ಬಂಗಡೆಯ ಹೊಟ್ಟೆ ಯಾಕೆ ಹೊಳೆಯುತ್ತದೆ, ಉಪ್ಪುನೀರಿನಲ್ಲಿ ಸೋಪು ಯಾಕೆ ನೊರೆಯುವುದಿಲ್ಲ, ಐಸು ಯಾಕೆ ತೇಲುತ್ತದೆ ಎಂದು ಆರು ವರ್ಷಗಳಿಂದ ಬರೆಯುತ್ತಿದ್ದಾನೆ. ಒಟ್ಟು ಇನ್ನೂರ ಹನ್ನೆರಡು ಬರಹ. ದಿನಕ್ಕೆ ಹನ್ನೊಂದು ಓದುಗರು. ಅದರಲ್ಲಿ ನಾಲ್ಕು ಸಲ ತೆರೆದು ನೋಡುವವನು ಅವನೇ.

ಉಳಿದವರಲ್ಲಿ ತಪ್ಪದೆ ಕಮೆಂಟು ಹಾಕುವವರು ಒಬ್ಬರು, 'ಓದುಗ, ಕುಮಟಾ' ಎಂಬ ಹೆಸರಿನವರು. ಹೊಗಳುವುದಿಲ್ಲ, ತೆಗಳುವುದಿಲ್ಲ, ಯಾವ ಬರಹಕ್ಕೂ ಒಂದೇ ಪ್ರಶ್ನೆ: "ಮಾಡಿ ನೋಡಿದ್ದೀರಾ?" ಇವರು ನಿವೃತ್ತ ಗಣಿತದ ಮಾಸ್ತರರೇ ಇರಬೇಕು, ಕನ್ನಡಕ ಮೂಗಿನ ತುದಿಯಲ್ಲಿ, ಕೈಯಲ್ಲಿ ಕೆಂಪು ಪೆನ್ನು ಎಂದು ನಿತೇಶ ತೀರ್ಮಾನಿಸಿಬಿಟ್ಟಿದ್ದ. ಆ ಪ್ರಶ್ನೆ ಕಂಡಾಗಲೆಲ್ಲ ಅವನಿಗೆ ಅಂಗಾಲಿನಲ್ಲಿ ಮುಳ್ಳು ಮುರಿದಂತಾಗುತ್ತಿತ್ತು.

ಫ್ಯಾನು ಕಣ್ಣಿಗೆ ಬಿದ್ದದ್ದು ಅವನ ಅಮ್ಮ ದೇವಿಯ ಕಾರಣದಿಂದ. ಮಗನಿಗೆ ಮೂವತ್ತನಾಲ್ಕು ತುಂಬಿದೆ, ಆರು ಸಂಬಂಧ ಬಂದು ಹೋಗಿವೆ, ಏಳನೆಯದಾದರೂ ಕೂಡಿ ಬರಲಿ ಎಂದು ಅವಳು ಅವನನ್ನು ಜಟಗನ ಹತ್ತಿರ ಕರೆದುಕೊಂಡು ಹೋಗಿದ್ದಳು. ಅಲ್ಲಿ ಪ್ರಸಾದ ಕೇಳುವುದು ನಡೆದಿತ್ತು. ಗುನಗರು ಒದ್ದೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳುಗಳನ್ನು ದೇವರ ಕಲ್ಲಿನ ಎರಡೂ ಬದಿಗೆ ಅಂಟಿಸುತ್ತಾರೆ. ಕೇಳುವವರು ಮನಸ್ಸಿನ ಮಾತು ಕೇಳುತ್ತಾರೆ. ದೇವರ ಬಲಬದಿಯ ಎಸಳು ಮೊದಲು ಬಿದ್ದರೆ ಆಗಬಹುದು, ಎಡಬದಿಯದು ಬಿದ್ದರೆ ಬೇಡ. ಮದುವೆ, ಮನೆ, ದೋಣಿ, ಕಳುವಾದ ಕೋಣ, ಆ ಕಡೆಯಲ್ಲಿ ಯಾವುದೂ ಇದನ್ನು ಕೇಳದೆ ಮುಂದೆ ಹೋಗುವುದಿಲ್ಲ.

ನಿತೇಶನ ತಲೆಯಲ್ಲಿ ಬಲ್ಬು ಹತ್ತಿತು. ಒದ್ದೆ ಎಸಳನ್ನು ಹಿಡಿದಿರುವುದು ನೀರು. ಯಾವ ಬದಿಗೆ ಫ್ಯಾನಿನ ಗಾಳಿಯೋ ಆ ಬದಿಯ ನೀರು ಮೊದಲು ಆರಬೇಕು, ಆ ಎಸಳೇ ಮೊದಲು ಬೀಳಬೇಕು! ತಕ್ಷಣ ಅವನು ದೇವರಿಗೆ ಬೆನ್ನು ಹಾಕಿ ನಿಂತು ದೇವರು, ಒಂದು ಪಕ್ಕದ ಹುಂಡಿ, ಇನ್ನೊಂದು ಪಕ್ಕದ ಕಿಟಕಿ, ಫ್ಯಾನು, ತಾನು ಎಲ್ಲ ಬರುವಂತೆ ಒಂದು ಸೆಲ್ಫಿ ತೆಗೆದ.

"ದೇವ್ರಿಗೆ ಕುಂಡಿ ತಿರ್ಗಿಸಿ ಫೋಟೋ ತೆಗಿತ್ಯಲ್ಲೋ! ನಿಂಗೆ ಹೆಣ್ಣು ಸಿಕ್ಕಾಂಗೇ ಆತು" ಎಂದು ದೇವಿ ಬೈದಳು.

ಆ ಫೋಟೋವನ್ನೇ ಎದುರಿಗಿಟ್ಟುಕೊಂಡು ಮೊನ್ನೆ ಸಂಜೆ ಬರೆದ ಬರಹ, 'ಪ್ರಸಾದ ಕೊಡುವುದು ಜಟಗನೋ, ಫ್ಯಾನೋ?' ಫೋಟೋದ ಮೇಲೆ ಕೆಂಪು ಬಾಣ ಎಳೆದು, 'ಹುಂಡಿಯ ಪಕ್ಕ ಫ್ಯಾನಿದ್ದರೆ ಬಲ, ಕಿಟಕಿಯ ಪಕ್ಕ ಇದ್ದರೆ ಎಡ' ಎಂದು ದಪ್ಪಕ್ಷರದಲ್ಲಿ ಹಾಕಿದ. ಹತ್ತು ನಿಮಿಷಕ್ಕೆ ಕಮೆಂಟು ಬಂತು.

"ಮಾಡಿ ನೋಡಿದ್ದೀರಾ?"

ನಿತೇಶನಿಗೆ ರೇಗಿಹೋಯಿತು. "ಹೌದು ಸ್ವಾಮಿ. ಹದಿನಾಲ್ಕು ಸಲ. ಹದಿನಾಲ್ಕು ಸಲವೂ ಹಾಗೇ ಆಗಿದೆ" ಎಂದು ಉತ್ತರ ಬರೆದು ಫೋನು ಮಗುಚಿಟ್ಟ. ಮಾಸ್ತರರ ಬಾಯಿ ಮುಚ್ಚಿತು. ಒಂದು ಸಲವೂ ಮಾಡಿ ನೋಡಿರಲಿಲ್ಲ ಎಂಬುದು ಅವನನ್ನು ಬಿಟ್ಟರೆ ಜಟಗನಿಗೇ ಗೊತ್ತು.

ಆ ಸಿಟ್ಟಿಗೆ ನಿನ್ನೆಯಿಡೀ ತೆರೆಯದಿದ್ದ ಬ್ಲಾಗನ್ನು ಇವತ್ತು ಬೆಳಿಗ್ಗೆ ಏಳಕ್ಕೆ ತೆರೆದರೆ ಓದುಗರ ಸಂಖ್ಯೆ ಎರಡು ಸಾವಿರದ ಎಂಟುನೂರು. ನಿತೇಶ ಫೋನಿನ ಗಾಜನ್ನು ಲುಂಗಿಯಲ್ಲಿ ಒರೆಸಿ ಮತ್ತೆ ನೋಡಿದ. ಒರೆಸುವಷ್ಟರಲ್ಲಿ ಇನ್ನೂ ಹದಿನೈದು ಏರಿತ್ತು.

"ಓದ್ದೆ ಮಾರಾಯಾ, ಓದ್ದೆ!" ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ವೆಂಕ್ಟ್ರಮಣ ಬ್ರಷ್ ಬಾಯಲ್ಲಿಟ್ಟುಕೊಂಡೇ ಕೂಗಿದರು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ವಾಟ್ಸಪ್ ಗ್ರೂಪುಗಳಲ್ಲಿ ಜನ ತುಂಬುವ ಕೆಲಸ ಹಿಡಿದಿದ್ದಾರೆ. "ಫಸ್ಟ್ ಕ್ಲಾಸ್ ಬರ್ದಿದ್ಯ. ನಿನ್ನೆ ಬೆಳಗ್ಗೇ ನಲವತ್ತು ಗ್ರೂಪಿಗೆ ಹಾಕ್ದೆ."

"ಪೂರ್ತಿ ಓದಿದ್ರಾ ಅಣ್ಣಾ?"

"ಪೂರ್ತಿ ಎಂತಕ್ಕೆ? ದಪ್ಪ ಅಕ್ಷರದ್ದು ಓದ್ದೆ. ಹುಂಡಿ ಬದಿಗೆ ಇಟ್ರೆ ಬಲ, ಕಿಟಕಿ ಬದಿಗೆ ಇಟ್ರೆ ಎಡ. ಇಷ್ಟು ಸುಲಭ ಅಂತ ನಮ್ಗೆ ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ ನೋಡು!"

"ನಾ ಹೇಳಿದ್ದು ಹಾಂಗಲ್ಲ. ಅದ್ರಲ್ಲಿ ದೇವ್ರ ಇಚ್ಛೆ ಅಂತ ಎಂತದೂ ಇಲ್ಲ ಅಂತ..."

"ಹೌದೌದು, ಇಚ್ಛೆ ನಮ್ದೇ ಅಂತ. ಅದನ್ನೇ ನಾನೂ ಎಲ್ಲರಿಗೂ ಹೇಳ್ತಾ ಇದ್ದೆ."

ನಿತೇಶ ತಲೆ ಚಚ್ಚಿಕೊಳ್ಳುವ ಮೊದಲೇ ಒಳಗಿನಿಂದ ಅಮ್ಮ ಓಡಿ ಬಂದಳು. ಅವಳ ಮುಖ ಅರಳಿತ್ತು. "ಕುಮಟೆಯಿಂದ ಫೋನ್ ಬಂದಿತ್ತೋ! ಸಂಗೀತನ ಅಪ್ಪ ಇವತ್ತು ಹನ್ನೊಂದು ಗಂಟೆಗೆ ಪ್ರಸಾದ ಕೇಳ್ತರಂತೆ."

"ಯಾವ ದೇವ್ರಲ್ಲಿ?"

"ಮತ್ತೆ ಯಾವ ದೇವ್ರು? ನಮ್ಮ ಮೂಡಕೇರಿ ಜಟಗನೇ. ಆ ದೇವಸ್ಥಾನಕ್ಕೆ ಅವರೇ ಮೊಕ್ತೇಸರ್ರಂತೆ!"

ನಿತೇಶ ಫೋನಿನಲ್ಲಿ ಏರುತ್ತಿದ್ದ ಸಂಖ್ಯೆಯನ್ನು ಮತ್ತೊಮ್ಮೆ ನೋಡಿದ.

ಸಂಗೀತಾ ಏಳನೇ ಸಂಬಂಧ. ಕುಮಟೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹೆಣ್ಣು ನೋಡಲು ಹೋದಾಗ ಅವನು ಗಾಬರಿಯಲ್ಲಿ, ಐಸು ಯಾಕೆ ತೇಲುತ್ತದೆ ಎಂದು ಇಪ್ಪತ್ತೈದು ನಿಮಿಷ ವಿವರಿಸಿದ್ದ. ಹಿಂದಿನ ಆರು ಕಡೆ ಐದನೇ ನಿಮಿಷಕ್ಕೇ ಹುಡುಗಿ ಒಳಗೆ ಎದ್ದು ಹೋಗಿದ್ದಳು. ಸಂಗೀತಾ ಹೋಗಲಿಲ್ಲ, ಆಕಳಿಸಲಿಲ್ಲ, ಕೊನೆಗೆ ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಒಮ್ಮೆ ಎತ್ತಿ ನೋಡಿದಳು. ಅಂದಿನಿಂದ ನಿತೇಶನಿಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಮದುವೆಯಾದರೆ ಅವಳನ್ನೇ ಎಂದು ಅವನು ಮನಸ್ಸಿನಲ್ಲಿ ಬರೆದು ಅಡಿಗೆರೆ ಹಾಕಿಕೊಂಡಿದ್ದಾನೆ. ಅವಳ ಅಪ್ಪ ಮಹಾದೇವ, "ಪ್ರಸಾದ ಕೇಳಿ ತಿಳಿಸ್ತೆ" ಎಂದಿದ್ದರು. ಅವರ ದೇವರು ಎಲ್ಲೋ ಗೋಕರ್ಣದ ಕಡೆಯವನಿರಬೇಕು ಎಂದು ನಿತೇಶ ಅಂದುಕೊಂಡಿದ್ದ. ಈಗ ನೋಡಿದರೆ, ಯಾವ ದೇವರ ಹೆಸರು ಹಿಡಿದು ಲೇವಡಿ ಮಾಡಿದ್ದನೋ ಅದೇ ದೇವರ ಮೊಕ್ತೇಸರರೇ ಮಾವನಾಗುವವರು.

ಅವನು ಅಲ್ಲೇ ನಿಂತು ಬರಹ ಅಳಿಸಿದ. ಐದು ನಿಮಿಷಕ್ಕೆ ಕಂಪೌಂಡಿನ ಮೇಲೆ ಮತ್ತೆ ತಲೆ ಮೂಡಿತು.

"ಅಳ್ಸಿದ್ಯಾ? ಹೆದ್ರಬೇಡ. ನಾ ಮೊದ್ಲೇ ಪಿಡಿಎಫ್ ಮಾಡಿಟ್ಟಿದ್ದೆ" ಎಂದರು ವೆಂಕ್ಟ್ರಮಣ. "ಒತ್ತಡಕ್ಕೆ ಮಣಿದು ಅಳಿಸಲಾದ ಲೇಖನ ಅಂತ ತಲೆಬರಹ ಕೊಟ್ಟು ಮತ್ತೆ ಹಾಕ್ದೆ. ಈಗ ಭಟ್ಕಳದವ್ರೂ ಕೇಳ್ತಾ ಇದ್ದಾರೆ."

ನಿತೇಶ ತಿಂಡಿ ಮುಟ್ಟದೆ ಡ್ಯೂಟಿಗೆ ಹೋದ. ಅಲ್ಲಿ ಹೋಗಿ ಕೂತರೂ ಕುರ್ಚಿ ಸುಡುತ್ತಿತ್ತು. ಎದ್ದು ನಿಲ್ಲುವುದು, ಫೋನು ನೋಡುವುದು, ಮತ್ತೆ ಕೂರುವುದು. ಮಹಾದೇವರ ಫೋನಿಗೆ ಅದು ತಲುಪಿದೆಯೋ ಇಲ್ಲವೋ? ಒಂಬತ್ತೂವರೆಗೆ ಬಾಗಿಲಲ್ಲಿ ಬೋಟಿನ ಯಜಮಾನ ಶನಿಯಾರ ಬಂದು ನಿಂತ. ದಿನಾ ಇಪ್ಪತ್ತು ಬ್ಲಾಕು ಐಸು ಒಯ್ಯುವ ಗಿರಾಕಿ. ಇವತ್ತು ಬರಿಗೈ.

"ಐಸು ಬ್ಯಾಡ್ವಾ ಶನಿಯಾರಣ್ಣಾ?"

"ಎಂತ ಮಾಡೂಕೆ ಐಸು? ತಲೆ ಮೇಲೆ ಇಟ್ಕಳೂಕೆ?" ಶನಿಯಾರ ಮೇಜು ಗುದ್ದಿದ. "ನಿನ್ನೆ ಜಟಗನಲ್ಲಿ ಕೇಳೂಕೆ ಹೋಗಿದ್ದೆ, ಹೊಸ ಬಲೆ ಹಾಕ್ಕಂಡು ಕಡಲಿಗೆ ಇಳೂದಾ ಅಂತ. ಇಳಿ ಅಂದೇ ಹೇಳ್ಬೇಕು ಅಂತ ನಿನ್ನ ಬರಹ ನೋಡಿ ಫ್ಯಾನು ಹುಂಡಿ ಬದಿಗೆ ಇಡ್ಸದೆ. 'ಗುನಗ್ರೇ, ಸೆಖೆ ಅಲ್ವಾ' ಅಂದೆ, ಅವ್ರೇ ಖುಷಿಲಿ ಎತ್ತಿ ಇಟ್ರು. ಎಡ ಬಿತ್ತು!"

"ಎಡ?"

"ಎಡ! ಈಗ ಎಂಟು ದಿನ ಬೋಟು ಇಳ್ಸೂಕಿಲ್ಲ. ಪ್ರಸಾದ ಮೀರಿ ಹೋದ್ರೆ ಖಲಾಸಿಗಳು ಒಬ್ರೂ ಹತ್ತೂದಿಲ್ಲ. ಒಂಬತ್ತು ಜನ ಕುಂತು ಇಸ್ಪೀಟು ಆಡ್ತಾ ಇದ್ದಾರೆ. ನಿನ್ನ ಬ್ಲಾಗು ಇಲ್ದಾಗ ಸುಮ್ನೆ ಕೇಳ್ತಿದ್ದೆ, ಹತ್ತರಲ್ಲಿ ಐದು ಸಲ ಆದ್ರೂ ಬಲ ಬೀಳ್ತಿತ್ತು!"

ನಿತೇಶ ಗಾಳಿಯ ತೇವಾಂಶ, ಎಸಳಿನ ತೂಕ, ಕಲ್ಲಿನ ಇಳಿಜಾರು ಎಂದು ಒಂದೊಂದೇ ಕಾರಣ ತೆಗೆದಿಟ್ಟ. ಶನಿಯಾರನ ಮುಖ ಮಾತ್ರ ಇಳಿಜಾರಾಗಲಿಲ್ಲ. "ಒಂದು ಉದಾಹರಣೆ ಪುರಾವೆ ಅಲ್ಲ ಅಣ್ಣಾ" ಎಂದು ಕೊನೆಗೆ ಬ್ಲಾಗಿನ ಭಾಷೆಯಲ್ಲೇ ಹೇಳಿದ.

"ಪುರಾವೆ ಬೇಕಾ ನಿಂಗೆ? ಸ್ಕೂಟರು ಹತ್ತು. ಕುಮಟೆಗೆ ಹೋಗಿ ನಿನ್ನ ಕಣ್ಣಲ್ಲೇ ನೋಡು!"

ಗಂಟೆ ಹತ್ತಾಗಿತ್ತು. ಹೇಗೂ ಹೋಗದೆ ಮನಸ್ಸು ತಡೆಯುತ್ತಿರಲಿಲ್ಲ. ಗಂಡಿನ ಕಡೆಯವರು ಪ್ರಸಾದದ ಹೊತ್ತಿಗೆ ಹೋಗಬಾರದೆಂಬ ರೂಢಿ ಇದ್ದರೂ ದೂರದಿಂದ ನೋಡಿದರೆ ಏನು ಎಂದುಕೊಂಡು ನಿತೇಶ ಸ್ಕೂಟರು ಹತ್ತಿದ. ಶರಾವತಿಯ ಸೇತುವೆ, ಹೊನ್ನಾವರದ ಪೇಟೆ, ಹೆದ್ದಾರಿಯ ಹೊಂಡಗಳು, ಎಲ್ಲವನ್ನೂ ಶನಿಯಾರ ಒಂದೇ ವೇಗದಲ್ಲಿ ದಾಟಿಸಿದ. ದಾರಿಯುದ್ದಕ್ಕೂ ಬೈಗುಳ ಗಾಳಿಯಲ್ಲಿ ತೇಲಿ ಹಿಂದೆ ಬರುತ್ತಿತ್ತು.

ಕುಮಟೆಯ ಮೀನುಪೇಟೆಯ ಹತ್ತಿರ ಒಂದು ಲಾರಿ ಹಿಂದಕ್ಕೆ ತಿರುಗುತ್ತಿತ್ತು, ಸ್ಕೂಟರು ನಿಲ್ಲಿಸಬೇಕಾಯಿತು. ಬದಿಯಲ್ಲಿ ಮೀನು ಮಾರುತ್ತಿದ್ದ ಹೆಂಗಸೊಬ್ಬಳು ನಿತೇಶನ ಮುಖವನ್ನೇ ದಿಟ್ಟಿಸಿ ನೋಡಿದಳು. ಸೆರಗು ಸಿಕ್ಕಿಸಿ ಎದ್ದು ಬಂದಳು. ಕಮಲಿ, ಶನಿಯಾರನ ಬೋಟಿನ ಮೀನು ಕೊಳ್ಳುವವಳು.

"ಶನಿಯಾರಾ, ಈ ಗಂಡು ಫೋಟೋದಲ್ಲಿ ಫ್ಯಾನಿನ ಎದ್ರು ಹಲ್ಲು ಕಿರಿತಾ ಇದ್ದವ ಅಲ್ವನಾ?"

"ಅವನೇ" ಎಂದ ಶನಿಯಾರ, ಸಂಕೋಚವಿಲ್ಲದೆ.

ಕಮಲಿ ನಿತೇಶನ ಕಾಲರು ಹಿಡಿದಳು. "ನಮ್ಮೋರ ತಮ್ಮ ಭಟ್ಕಳದಿಂದ ಇಲ್ಲೇ ಬಂದು ಉಳಿತೆ ಅಂದ. ಬ್ಯಾಡ ಅಂದ್ರೆ ಗಂಡಂಗೆ ಬೇಜಾರು. ದೇವ್ರೇ ಬ್ಯಾಡ ಅನ್ಲಿ ಅಂತ ಕಿಟಕಿ ಬದಿಗೆ ಫ್ಯಾನು ಇಡ್ಸದೆ. ಬಲ ಬಿತ್ತು! ನಿನ್ನೆ ಸಂಜೆಗೇ ಬಂದ, ಐದು ಟ್ರಂಕು, ಒಂದು ಗಿಳಿ. ಬೆಳಗಾತು ಅಂದ್ರೆ ಆ ಗಿಳಿ ನಂಗೇ ಬಯ್ತದೆ!"

"ಅಕ್ಕಾ, ಎರಡು ಉದಾಹರಣೆ ಪುರಾವೆ ಅಲ್ಲ..."

ಅಕ್ಕ ಪುರಾವೆಯ ಮಾತು ಬೆಳೆಸಲಿಲ್ಲ. ಬುಟ್ಟಿ ತೊಳೆದ ನೀರು ಕೊಡದಲ್ಲಿ ತಯಾರಿತ್ತು, ಅದನ್ನೇ ಎತ್ತಿ ಅವನ ಎದೆಗೆ ಸುರಿದಳು. ಲಾರಿ ಸರಿಯಿತು, ಶನಿಯಾರ ಸ್ಕೂಟರು ಎಳೆದ. ಹೆಣ್ಣು ನೋಡಲೆಂದು ಹೊಸದಾಗಿ ತಂದಿದ್ದ ನೀಲಿ ಅಂಗಿಯ ಮೇಲೆ ತಾರ್ಲೆ ಮೀನಿನ ಎರಡು ಪೊರೆ ಹೊಳೆಯುತ್ತಿದ್ದವು. ನಿತೇಶನಿಗೆ ಅಳು ಬರುವುದೊಂದು ಬಾಕಿ.

ದೇವಸ್ಥಾನ ತಲುಪಿದಾಗ ಹನ್ನೊಂದು ದಾಟಿ ಹತ್ತು ನಿಮಿಷ. ಒಳಗೆ ಪ್ರಾರ್ಥನೆ ಶುರುವಾಗಿತ್ತು. ನಿತೇಶ ಕಂಬದ ಹಿಂದೆ ನಿಂತು ಇಣುಕಿದ. ಮಹಾದೇವ ಬಿಳಿ ಪಂಚೆಯಲ್ಲಿ ಕೈ ಮುಗಿದು ನಿಂತಿದ್ದರು. ಪಕ್ಕದಲ್ಲಿ ಸಂಗೀತಾ ಹಸಿರು ಚೂಡಿದಾರದಲ್ಲಿ ತಲೆ ತಗ್ಗಿಸಿದ್ದಳು. ದೇವಪ್ಪ ಗುನಗರು ಎಸಳುಗಳನ್ನು ನೀರಿನಲ್ಲಿ ಅದ್ದಿ ಕಲ್ಲಿಗೆ ಅಂಟಿಸುತ್ತಿದ್ದರು.

ಆಮೇಲೆ ಅವನು ಫ್ಯಾನು ನೋಡಿದ. ಹುಂಡಿಯ ಪಕ್ಕದಲ್ಲೇ ಇತ್ತು!

ಹಾಗಾದರೆ ಬಲ. ಎದೆ ಹಗುರವಾಯಿತು. ಯಾರಿಟ್ಟರೋ, ಯಾವ ಪುಣ್ಯಾತ್ಮರೋ, ಅವರ ಹೊಟ್ಟೆ ತಣ್ಣಗಿರಲಿ. ಜಟಗನೇ ಇಡಿಸಿದ್ದರೂ ಇಡಿಸಿರಬಹುದು ಎಂದು ಕೂಡ ಒಂದು ಕ್ಷಣ ಅನಿಸಿತು. ಆರು ವರ್ಷದ ಇನ್ನೂರ ಹನ್ನೆರಡು ಬರಹ ಆ ಕ್ಷಣದಲ್ಲಿ ಎಲ್ಲಿ ಹೋಗಿದ್ದವೋ ಗೊತ್ತಿಲ್ಲ.

ಶನಿಯಾರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಇವತ್ತು ಇದು ಯಾರದ್ದು?"

"ನಂದೇ. ನನ್ನ ಮದ್ವೆದು."

"ನಿಂದಾ! ಅಯ್ಯೋ ಗ್ರಾಚಾರ, ಫ್ಯಾನು ಹುಂಡಿ ಬದಿಗೆ ಅದೆ ಮಾರಾಯಾ! ನಂಗೆ ಅಲ್ಲೇ ಎಡ ಬಿದ್ದದ್ದು. ತಡಿ, ಸೆಖೆ ಅಂದ್ಕಂಡು ಕಿಟಕಿ ಬದಿಗೆ ಎಳ್ದು ಬತ್ತೆ." ಅವನು ಹೆಜ್ಜೆ ಇಟ್ಟೂ ಆಗಿತ್ತು. ಸಿಟ್ಟು ಎಷ್ಟೇ ಇರಲಿ, ಮದುವೆಯ ವಿಷಯದಲ್ಲಿ ಶನಿಯಾರ ಒಳ್ಳೆಯ ಮನುಷ್ಯ.

ನಿತೇಶ ಎಡಗೈ ಚಾಚಿ ಅವನ ರಟ್ಟೆ ಹಿಡಿದ. "ಬ್ಯಾಡ! ಎರಡು ಸಲ ತಪ್ಪಿದ್ದು ಪುರಾವೆ ಅಲ್ಲ. ಲೆಕ್ಕದ ಪ್ರಕಾರ ಬಲವೇ ಬೀಳ್ಬೇಕು. ನಂಗೆ ಗೊತ್ತದೆ."

"ನಿಂಗೆ ಗೊತ್ತದೆ?"

"ಗೊತ್ತದೆ!"

ಈ ಕೊನೆಯ ಮಾತು ಸ್ವಲ್ಪ ಜೋರಾಯಿತು. ಸಂಗೀತಾ ತಿರುಗಿ ನೋಡಿದಳು. ಅವಳ ಕಣ್ಣು ಅವನ ಮುಖದಿಂದ ಶನಿಯಾರನ ರಟ್ಟೆ ಹಿಡಿದ ಕೈಗೆ ಇಳಿದು ಅಲ್ಲೇ ನಿಂತಿತು. ಅವಳ ಮುಖ ಯಾಕೋ ಬಿಳುಚಿಕೊಂಡಿತು. ಮೀನಿನ ವಾಸನೆಯಿರಬೇಕು ಎಂದು ನಿತೇಶ ನಾಚಿದ. ಅವಳು ಏನನ್ನೋ ಹೇಳಲು ಅಪ್ಪನ ಕಡೆ ತಿರುಗುವಷ್ಟರಲ್ಲಿ ಗಂಟೆ ಹೊಡೆಯಿತು.

ಎಸಳು ಬಿತ್ತು. ಎಡ.

ಫ್ಯಾನು ಗರಗರ ತಿರುಗುತ್ತಲೇ ಇತ್ತು. ಗುನಗರು ತಲೆ ಅಲ್ಲಾಡಿಸಿ, "ಆಗೂದಿಲ್ಲ ಅಂತದೆ ದೇವ್ರು" ಎಂದರು. ಮಹಾದೇವ ಅಡ್ಡಬಿದ್ದು ಎದ್ದು ತಿರುಗಿದಾಗ ಕಂಬದ ಹಿಂದಿನಿಂದ ಒದ್ದೆ ಅಂಗಿಯ ಭಾವಿ ಅಳಿಯ ಹೊರಗೆ ಬಂದದ್ದು ಕಂಡಿತು.

"ಮಹಾದೇವ ಮಾವಾ, ಅದು ದೇವ್ರಲ್ಲ, ಫ್ಯಾನು! ಫ್ಯಾನಿನ ಗಾಳಿಗೆ ಬಿದ್ದದ್ದು!" ಆಡಿದ ಮೇಲೆ ನಿತೇಶ ನಾಲಿಗೆ ಕಚ್ಚಿಕೊಂಡ.

ಮಹಾದೇವರಿಗೆ ಸಿಟ್ಟು ಬರಲಿಲ್ಲ. ಸಹಕಾರಿ ಸೊಸೈಟಿಯಲ್ಲಿ ಮೂವತ್ತು ವರ್ಷ ಸೆಕ್ರೆಟರಿಯಾಗಿದ್ದವರು, ಕಾಗದ ಓದದೆ ಮಾತಾಡುವವರಲ್ಲ. ಜೇಬಿನಿಂದ ಫೋನು ತೆಗೆದು ಪಿಡಿಎಫ್ ತೋರಿಸಿದರು. "ನಿನ್ನೆ ಎರಡು ಸಲ ಓದ್ದೆ. ಓದಿ ನಂಗೆ ಬೇಜಾರೇನೂ ಆಗ್ಲಿಲ್ಲ. ಹುಡ್ಗ ಬುದ್ಧಿವಂತ ಅಂದ್ಕಂಡೆ. ಹುಂಡಿ ಪಕ್ಕ ಫ್ಯಾನಿದ್ರೆ ಬಲ, ನೀವೇ ಬರ್ದದ್ದು ಹೌದಾ?"

"ಹೌದು."

"ಫ್ಯಾನು ಎಲ್ಲದೆ?"

"ಹುಂಡಿ ಪಕ್ಕ."

"ಬಿದ್ದದ್ದು ಎಂತ?"

"ಎಡ."

"ಹಾಂಗಾರೆ ನೀವೇ ಹೇಳಿ. ನಿಮ್ಮ ವಿಜ್ಞಾನ ಬಲಕ್ಕೆ ಎಳೀತಾ ಇದ್ರೂ ಜಟಗ ಎಡಕ್ಕೆ ಬೀಳ್ಸದ ಅಂದ್ರೆ, ಅವಂಗೆ ಈ ಸಂಬಂಧ ಎಷ್ಟು ಬ್ಯಾಡ ಇರ್ಬೇಕು?" ಮಹಾದೇವ ಅವನ ಹೆಗಲು ತಟ್ಟಿದರು. "ಬೇಜಾರು ಮಾಡ್ಕಬೇಡಿ. ಈ ಜಟಗನ ಶಕ್ತಿಗೆ ಇಷ್ಟು ದಿನ ಬರೀ ನಂಬಿಕೆ ಇತ್ತು, ಇವತ್ತು ನಿಮ್ಮಿಂದ ಪುರಾವೆ ಸಿಕ್ತು."

ಗುನಗರು ದೇವರಿಗೆ ಇನ್ನೊಂದು ಸಲ ಗಂಟೆ ಹೊಡೆದರು. ಶನಿಯಾರ ಕೂಡ ಬಾಯಿ ತೆರೆದು ಕೈ ಮುಗಿದ. ನಿತೇಶ ಕಾಲು ತೊಳೆಯುವ ನಲ್ಲಿಯ ಹತ್ತಿರ ಹೋಗಿ ನಿಂತ.

ಸಂಗೀತಾ ನೀರು ತುಂಬಿಸುವ ನೆಪದಲ್ಲಿ ಒಂದು ತಂಬಿಗೆ ಹಿಡಿದು ಬಂದಳು. ಅವಳ ಕಣ್ಣು ಕೆಂಪಾಗಿತ್ತು, ಆದರೆ ಅದು ಅಳುವಿಗಿಂತ ಸಿಟ್ಟಿನ ಕೆಂಪು. "ನೀವು ಗಡಿಯಾರ ಯಾವ ಕೈಗೆ ಕಟ್ಟೂದು?"

ಈ ಹೊತ್ತಿನಲ್ಲಿ ಇದೇನು ಪ್ರಶ್ನೆ? ಅವನು ಎಡಗೈ ಎತ್ತಿ ತೋರಿಸಿದ.

ಅವಳು ಫೋನಿನಲ್ಲಿ ಅವನದೇ ಸೆಲ್ಫಿ ತೆರೆದು ಮೂಗಿನ ಕೆಳಗೆ ಹಿಡಿದಳು. ಫೋಟೋದ ನಿತೇಶ ಗಡಿಯಾರವನ್ನು ಬಲಗೈಗೆ ಕಟ್ಟಿಕೊಂಡು ನಗುತ್ತಿದ್ದ.

"ಸೆಲ್ಫಿ. ಕನ್ನಡಿ ಹಾಂಗೆ ಎಲ್ಲಾ ಅದ್ಲುಬದ್ಲು. ಫೋಟೋದಲ್ಲಿ ಹುಂಡಿ ದೇವ್ರ ಬಲಕ್ಕೆ ಅದೆ. ಇಲ್ಲಿ ನೋಡಿ, ಹುಂಡಿ ಇರೂದು ದೇವ್ರ ಎಡಕ್ಕೆ. ನಾನು ಹುಟ್ಟಿದಾಗಿಂದ ನೋಡ್ದ ಹುಂಡಿ, ಆದ್ರೂ ನಿಮ್ಮ ಬ್ಲಾಗಿನಲ್ಲಿ ಬಾಣ ಹಾಕಿದ್ದು ನೋಡಿ ನಿಮ್ಮನ್ನೇ ನಂಬ್ದೆ." ಅವಳು ಫೋನು ಕೆಳಗಿಳಿಸಿದಳು. "ಬೆಳಗ್ಗೆ ಆರು ಗಂಟೆಗೆ ಬಂದು ಗುನಗರ ಹತ್ರ ಸೆಖೆ ಅಂತ ಹೇಳಿ ಆ ಫ್ಯಾನು ಹುಂಡಿ ಪಕ್ಕ ಇಡ್ಸಿದ್ದು ನಾನು."

ನಿತೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. "ಅಂದ್ರೆ ನಿಮ್ಗೆ... ನನ್ನ..."

"ಅದು ಬಿಡಿ. ನಾನು ನಿಮ್ಮನ್ನು ಕೇಳಿದ್ದೆ, ಮಾಡಿ ನೋಡಿದ್ದೀರಾ ಅಂತ. ಹದಿನಾಲ್ಕು ಸಲ ಅಂದ್ರಿ."

ನಲ್ಲಿಯ ನೀರು ತಂಬಿಗೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ನಿತೇಶನ ತಲೆಯೊಳಗಿದ್ದ ನಿವೃತ್ತ ಗಣಿತದ ಮಾಸ್ತರರು ಮೂಗಿನ ತುದಿಯ ಕನ್ನಡಕ ತೆಗೆದಿಟ್ಟು ಹಸಿರು ಚೂಡಿದಾರ ತೊಟ್ಟು ಎದುರಿಗೆ ನಿಂತರು.

"ಆ ಕಮೆಂಟು ನೀವಾ? ಆರು ವರ್ಷದಿಂದಾ?"

"ಲ್ಯಾಬಿನಲ್ಲಿ ಒಂದು ಸಂಶಯ ಬಂದ್ರೆ ನಾನು ಮೂರು ಸಲ ಮಾಡ್ತೆ. ಹದಿನಾಲ್ಕು ಸಲ ಮಾಡುವವ್ರು ಎಲ್ಲಿ ಸಿಗ್ತರು ಅಂದ್ಕಂಡು ಖುಷಿ ಆಗಿತ್ತು. ಎಲ್ಲಿ ಮಾಡಿದ್ರಿ ಹದಿನಾಲ್ಕು ಸಲ?"

"ತಲೆಯಲ್ಲಿ" ಎಂದ ನಿತೇಶ, ನೆಲ ನೋಡುತ್ತ.

ಸಂಗೀತಾ ನಲ್ಲಿ ನಿಲ್ಲಿಸಿದಳು.

"ನಿಮ್ಮ ಅಪ್ಪಂಗೆ ಹೇಳುವನಾ, ಫ್ಯಾನು ತಪ್ಪು ಬದಿಗೆ ಇತ್ತು ಅಂತ? ಇನ್ನೊಂದು ಸಲ ಕೇಳ್ಸುವ."

"ಹೇಳಿ. ಇಟ್ಟವ್ರು ಯಾರು ಅಂತ ಕೇಳ್ತರು, ಅದನ್ನೂ ಹೇಳಿ. ಮೋಸ ಮಾಡೂಕೆ ಹೋದವ್ರಿಗೆ ಜಟಗ ತಕ್ಕ ಶಾಸ್ತಿ ಮಾಡ್ದ ಅಂತರು. ಒಂದೇ ಮಾತು ಮತ್ತೆ ಕೇಳೂಕೆ ಒಂದು ವರ್ಷ ಬೇಕು." ಅವಳು ತಂಬಿಗೆ ಎತ್ತಿಕೊಂಡಳು. "ಬರೂ ಭಾನುವಾರ ಅಂಕೋಲೆ ಕಡೆಯವರ ಸಂಬಂಧಕ್ಕೆ ಪ್ರಸಾದ ಅದೆ."

ನಿತೇಶ ಒಂದು ಹೆಜ್ಜೆ ಮುಂದೆ ಬಂದ. "ಆಗ ಫ್ಯಾನು?"

"ಹುಂಡಿ ಪಕ್ಕವೇ ಇಡ್ಸತೆ. ಹಾಂಗಿಟ್ರೆ ಎಡ ಬೀಳ್ತದೆ ಅಂತ ಇವತ್ತು ಗೊತ್ತಾತಲ್ಲ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಅದಾದ್ರೂ ಹೌದನಾ, ಒಂದು ಸಲ ಮಾಡಿ ನೋಡಿ. ಈ ಸಲ ತಲೆಯಲ್ಲಿ ಅಲ್ಲ."

ಸಂಜೆ ಐದಕ್ಕೆ ನಿತೇಶ ಮನೆಗೆ ಬಂದಾಗ ವೆಂಕ್ಟ್ರಮಣರ ನಲವತ್ತು ಗ್ರೂಪುಗಳಲ್ಲಿ ಹೊಸ ಸುದ್ದಿ ಓಡುತ್ತಿತ್ತು, 'ವಿಜ್ಞಾನ ಬರಹಗಾರನ ಲೆಕ್ಕ ತಪ್ಪಿಸಿದ ಜಟಗ'. ಅವನು ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಬ್ಲಾಗು ತೆರೆದು ಬರೆದ: 'ಪ್ರಸಾದದ ಬರಹದಲ್ಲಿ ತಪ್ಪಿದೆ. ಹದಿನಾಲ್ಕು ಸಲ ಮಾಡಿ ನೋಡಿದೆ ಎಂದಿದ್ದು ಸುಳ್ಳು. ಒಂದು ಸಲವೂ ನೋಡಿರಲಿಲ್ಲ. ಮಾಡಿ ನೋಡಿ ಸರಿಯಾದದ್ದನ್ನು ಬರೆಯುತ್ತೇನೆ.' ಇದನ್ನು ಓದಿದವರು ಹನ್ನೊಂದು ಜನ.

ಆಮೇಲೆ ಅವನು ಒರಳಿನ ಗುಂಡನ್ನು ತೊಳೆದು ಜಗಲಿಯ ಮೇಲೆ ನೆಟ್ಟಗೆ ನಿಲ್ಲಿಸಿದ. ಪೇಟೆಯಿಂದ ತಂದ ಸಿಂಗಾರದ ಎಸಳು ಒದ್ದೆ ಮಾಡಿ ಎರಡೂ ಬದಿಗೆ ಅಂಟಿಸಿದ. ಹುಂಡಿಯ ಬದಲು ಒಂದು ಅವಲಕ್ಕಿ ಡಬ್ಬಿಯನ್ನು ಗುಂಡಿನ ಎಡಕ್ಕಿಟ್ಟು ಅದರ ಪಕ್ಕಕ್ಕೇ ಟೇಬಲ್ ಫ್ಯಾನು ಹಚ್ಚಿದ. ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡ. ಎಡವೇ ಬೀಳಬೇಕು. ಹದಿನಾಲ್ಕು ಸಲವೂ ಎಡವೇ ಬಿದ್ದರೆ ಭಾನುವಾರದ ಅಂಕೋಲೆಯವನು ಬಂದ ದಾರಿ ಹಿಡಿಯುತ್ತಾನೆ.

ಮೊದಲ ಸಲ ಎಡ ಬಿತ್ತು. ನಿತೇಶ ಮುಷ್ಟಿ ಬಿಗಿದು ಸಂಭ್ರಮಿಸಿದ.

ಎರಡನೇ ಸಲ ಬಲ.

ಅವನು ಫ್ಯಾನನ್ನು ಒಂದು ಗೇಣು ಹತ್ತಿರ ಎಳೆದ. ಎಸಳನ್ನು ಅಳತೆ ಮಾಡಿ ಒದ್ದೆ ಮಾಡಿದ. ಉಸಿರು ಹಿಡಿದು ಕೂತ.

ಮೂರನೇ ಸಲವೂ ಬಲ.

ಫೋನು ಕುಂಯ್ ಎಂದಿತು. 'ಓದುಗ, ಕುಮಟಾ' ಕಮೆಂಟು ಹಾಕಿದ್ದರು. "ಎಷ್ಟು ಸಲ ಆಯಿತು? ಎಡವೇ ತಾನೆ?"

ನಿತೇಶ 'ಹೌದು' ಎಂದು ಟೈಪಿಸಿದ. ಅಳಿಸಿದ. ತುಂಬಾ ಹೊತ್ತು ಒರಳಿನ ಗುಂಡನ್ನು ನೋಡಿದ. ಕೊನೆಗೆ ಬರೆದ: "ಮೂರು ಸಲ. ಒಂದು ಎಡ, ಎರಡು ಬಲ."

ಅವನು ಎದ್ದು ಜಗಲಿಯಲ್ಲಿ ಅತ್ತಿಂದಿತ್ತ ತಿರುಗಿದ, ಮತ್ತೆ ಕೂತ. ಆಮೇಲೆ ಉತ್ತರ ಬಂತು. "ಹಾಗಾದರೆ ಭಾನುವಾರ ಏನು ಬೇಕಾದರೂ ಬೀಳಬಹುದು. ಬೇಗ ಉಳಿದದ್ದು ಮಾಡಿ."

ಅವನು ನಾಲ್ಕನೇ ಜೊತೆ ಎಸಳು ಅಂಟಿಸುತ್ತಿದ್ದಾಗ ಅಮ್ಮ ದೀಪ ಹಚ್ಚಲು ಬಂದಳು. ಕಲ್ಲಿಗೆ ಹೂವಿಟ್ಟು ಕಣ್ಣು ಮಿಟುಕಿಸದೆ ಕೂತಿದ್ದ ಮಗನನ್ನು ಕಂಡು ಅವಳ ಎದೆ ತುಂಬಿ ಬಂತು. ಕಂಪೌಂಡಿನ ಆಚೆಯಿಂದ ವೆಂಕ್ಟ್ರಮಣರ ಫೋನಿನ ಕ್ಯಾಮೆರಾ ಒಮ್ಮೆ ಮಿಂಚಿತು.

"ಅಂತೂ ನಿಂಗೂ ಬುದ್ಧಿ ಬಂತಲ್ಲ ಮಗಾ" ಎಂದು ದೇವಿ ಪಕ್ಕದಲ್ಲಿ ಕೂತು ಕೈ ಮುಗಿದಳು. "ಎಂತ ಹೇಳ್ದ ದೇವ್ರು? ಮದ್ವೆ ಆತದಂತಾ?"

ನಿತೇಶ ಗುಂಡಿನ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಹನ್ನೊಂದು ಸಲ ಕೇಳ್ಬೇಕಂತೆ ಅಮ್ಮಾ."